ಹೊಸ ರೇಡಿಯೇಟರ್ ಹಾಕಿಸಿದ ಮೇಲೂ ಗಾಡಿ ಹೀಟ್: ಕುಮಟಾದ ಒಂದು ಬೋರ್ಡಿಲ್ಲದ ಗ್ಯಾರೇಜಿನ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ಈ ಗ್ಯಾರೇಜಿನಲ್ಲಿ ಕೂರಲಿಕ್ಕೆ ಕುರ್ಚಿ ಇಲ್ಲ. ಬೋರ್ಡ್ ಇಲ್ಲ, ಬಿಲ್ ಬುಕ್ ಇಲ್ಲ, ಫೋನ್ ಮಾಡಿದರೆ ಎತ್ತುವುದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಶಟರ್ ಎಳೆದು ಊಟಕ್ಕೆ ಹೋದರೆ ಮೂರೂವರೆಗಿಂತ ಮುಂಚೆ ಬರುವುದಿಲ್ಲ, ನಿಮ್ಮ ಗಾಡಿಗೆ ಬೆಂಕಿಯೇ ಬಿದ್ದಿರಲಿ. ಇಷ್ಟೆಲ್ಲ ಇದ್ದೂ ಐದಕ್ಕೆ ನಾಲ್ಕೂವರೆ ಕೊಡುತ್ತಿದ್ದೇನೆ. ಯಾಕೆ ಅಂತ ಹೇಳಲಿಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ಹೆಸರು ಹಾಕಲಾ ಅಂತ ಗ್ಯಾರೇಜಿನವರನ್ನೇ ಕೇಳಿದ್ದೆ. "ಬ್ಯಾಡ, ಜನ ಜಾಸ್ತಿ ಬಂದ್ರೆ ಕೆಲಸ ಹಾಳು" ಅಂದರು. ಹಾಗಾಗಿ ಹೆಸರಿಲ್ಲ. ಕುಮಟಾ ಪೇಟೆಯಿಂದ ಸ್ವಲ್ಪ ಆಚೆ, ಹೆದ್ದಾರಿ ಬಿಟ್ಟು ಒಳಗೆ, ತೆಂಗಿನ ಮರಗಳ ಕೆಳಗೆ ಒಂದು ತಗಡಿನ ಶೆಡ್. ಕುಮಟಾದವರಿಗೆ ಇಷ್ಟು ಹೇಳಿದರೆ ಗೊತ್ತಾಗುತ್ತದೆ ಅಂದುಕೊಂಡಿದ್ದೇನೆ. ಗೊತ್ತಾಗದಿದ್ದರೆ ಚಾದಂಗಡಿಯಲ್ಲಿ ಕೇಳಿ.

ನಮ್ಮದು 14 ವರ್ಷ ಹಳೆಯ ಚಿಕ್ಕ ಪೆಟ್ರೋಲ್ ಕಾರು. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ಇದರಲ್ಲಿ ಕಾರಿನ ತಪ್ಪು ಏನೂ ಇಲ್ಲ. ಭಾವ ಕಾರವಾರದಲ್ಲಿ ನೌಕರಿಯಲ್ಲಿದ್ದಾಗ ತೆಗೆದುಕೊಂಡಿದ್ದ ಗಾಡಿ, ಆರು ವರ್ಷ ಸಮುದ್ರಕ್ಕೆ ಮುಖ ಮಾಡಿ ನಿಂತಿತ್ತು. ಆಮೇಲೆ ಶಿರಸಿಗೆ, ನಮ್ಮ ಮನೆಗೆ ಬಂತು. ಕರಾವಳಿಯ ಗಾಡಿ ಕೊಳ್ಳುವವರು ಬಾಗಿಲ ಕೆಳಗೆ ತುಕ್ಕು ನೋಡುತ್ತಾರೆ, ನಾನೂ ನೋಡಿದ್ದೆ. ಇಂಜಿನ್ನಿನ ನೀರನ್ನು ತಣ್ಣಗೆ ಮಾಡುವ ರೇಡಿಯೇಟರ್ ನೋಡಬೇಕು ಅಂತ ಯಾರೂ ಹೇಳಿರಲಿಲ್ಲ. ಉಪ್ಪು ಗಾಳಿಗೆ ಅದರ ತೆಳು ಪಟ್ಟಿಗಳಂಥ ಅಲ್ಯೂಮಿನಿಯಂ ಫಿನ್‌ಗಳು ತಿಂದು ಹೋಗಿದ್ದವು. ಬಂಪರ್ ಬಿಚ್ಚಿದ ದಿನ ಬೆರಳು ತಾಗಿಸಿದರೆ ಅಗರಬತ್ತಿಯ ಬೂದಿಯ ಹಾಗೆ ಉದುರಿತು. ಕೆಳಗಿನ ಮೂಲೆಯಲ್ಲಿ ಹಸಿರು ಕಲೆ, ನೀರು ಒಸರುತ್ತಿತ್ತು. ಅಂದರೆ ರೇಡಿಯೇಟರ್ ಬದಲಾಯಿಸಬೇಕಾಗಿದ್ದು ನಿಜ, ಅದರಲ್ಲಿ ನನಗೆ ಯಾರೂ ಮೋಸ ಮಾಡಿಲ್ಲ.

ಹೊಸದನ್ನು ನಾನೇ ಆನ್‌ಲೈನ್‌ನಲ್ಲಿ ತರಿಸಿದೆ, 2,900 ರೂಪಾಯಿ. ಕಂಪನಿಯ ಒರಿಜಿನಲ್ ಇದಕ್ಕಿಂತ ಎಷ್ಟೋ ಜಾಸ್ತಿ. ಈ ಹೊಸ ರೇಡಿಯೇಟರ್ ಬಗ್ಗೆಯೂ ಇಲ್ಲೇ ಎರಡು ಮಾತು ಹೇಳಿ ಮುಗಿಸುತ್ತೇನೆ: ಮಾಲು ಅಡ್ಡಿಲ್ಲ. ಕೂರಿಸುವ ಕಿವಿಗಳು ಒಂದೆರಡು ಮಿಲಿಮೀಟರ್ ಆಚೀಚೆ, ಮೇಲಿನ ಬುಷ್ ಸ್ವಲ್ಪ ಕೊರೆಯಬೇಕಾಯಿತು, ಅಷ್ಟೇ. ಮುಂದೆ ಆದದ್ದಕ್ಕೆಲ್ಲ "ಡೂಪ್ಲಿಕೇಟ್ ತಂದ್ಯಲ್ಲಾ, ಅದಕ್ಕೇ" ಅಂತ ಮನೆಯಲ್ಲಿ ಎಲ್ಲರೂ ಅದನ್ನೇ ಬೈದರು. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಹಾಕಿಸಿದ್ದು ಶಿರಸಿಯ ಒಂದು ಗ್ಯಾರೇಜಿನಲ್ಲಿ. ಹೆಸರು ಬೇಡ. ಬೆಳಿಗ್ಗೆ ಬಿಟ್ಟು ಸಂಜೆ ತಂದೆ. ನಲ್ಲಿ ನೀರು ತುಂಬಿಸಿ, ಮೇಲಿಂದ ಒಂದು ಲೀಟರ್ ಹಸಿರು ಕೂಲೆಂಟ್ (ಇಂಜಿನ್ ತಂಪಿಡುವ ದ್ರವ) ಹೊಯ್ದಿದ್ದರು. ಬಿಚ್ಚುವಾಗ ಫ್ಯಾನಿನ ಪ್ಲಗ್ ಮುರಿದಿದೆ, "ಹಳೇ ಪ್ಲಾಸ್ಟಿಕ್ ಅಲ್ವಾ, ವೈರ್ ಜಾಯಿಂಟ್ ಮಾಡಿ ಟೇಪ್ ಸುತ್ತಿದ್ದೇವೆ" ಅಂದರು. ನಾನು ಆಯಿತು ಅಂದೆ. ಈ ಒಂದು ಸಾಲನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಎರಡು ವಾರ ಏನೂ ತೊಂದರೆ ಇಲ್ಲ. ಶಿರಸಿ ಪೇಟೆಯೊಳಗೆ ಎರಡು ಮೂರು ಕಿಲೋಮೀಟರ್ ಓಡಾಟ, ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಮನೆ ಬರುತ್ತದೆ. ಒಂದು ಸಂಜೆ ಮಾರಿಕಾಂಬಾ ದೇವಸ್ಥಾನದ ಹತ್ತಿರ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ ಇಂಜಿನ್ನಿನ ಹೀಟ್ ತೋರಿಸುವ ಮುಳ್ಳು ಅರ್ಧಕ್ಕಿಂತ ಮೇಲೆ ಹತ್ತಿತು. ಮರುದಿನ ಗ್ಯಾರೇಜಿಗೆ ಹೋದೆ. ರೇಡಿಯೇಟರ್ ಕ್ಯಾಪ್ ತೆಗೆದು ನೋಡಿದರೆ ಮುಕ್ಕಾಲು ಲೀಟರ್ ನೀರು ಕಮ್ಮಿ. "ಏರ್ ಇತ್ತು, ಈಗ ಹೋಯ್ತು" ಅಂದರು. ಅದೂ ನಿಜವೇ. ರೇಡಿಯೇಟರ್ ಬದಲಾಯಿಸಿದಾಗ ಇಂಜಿನ್ನಿನ ಮೇಲ್ಭಾಗದಲ್ಲಿ, ಹೀಟರ್ ಪೈಪಿನಲ್ಲಿ ಗಾಳಿ ಉಳಿದುಕೊಳ್ಳುತ್ತದೆ. ಗಾಳಿ ಇದ್ದಲ್ಲಿ ನೀರು ಇಲ್ಲ, ನೀರು ಇಲ್ಲದಲ್ಲಿ ಕಬ್ಬಿಣ ಕಾಯುತ್ತದೆ. ಹೊಸ ರೇಡಿಯೇಟರ್ ಹಾಕಿದ ಮೇಲೆ ಹೀಟ್ ಆದರೆ ಮೊದಲು ಸಂಶಯ ಪಡಬೇಕಾದದ್ದೇ ಇದನ್ನ. ತೊಂದರೆ ಏನಾಯಿತೆಂದರೆ, ಒಂದು ಕಾರಣ ಸಿಕ್ಕಿದ ಕೂಡಲೇ ಅವರೂ ನಾನೂ ಹುಡುಕುವುದನ್ನು ಬಿಟ್ಟೆವು.

ಏಪ್ರಿಲ್‌ನಲ್ಲಿ ಕುಮಟಾದಲ್ಲಿ ಚಿಕ್ಕಮ್ಮನ ಮನೆಯ ಉಪನಯನ. ನಾನು, ಇವಳು, ಆಯಿ, ಭಾವ, ಹಿಂದೆ ಡಿಕ್ಕಿ ತುಂಬ ಸಾಮಾನು. ಶಿರಸಿಯಿಂದ ರಾಗಿಹೊಸಳ್ಳಿ, ಬಂಡಲ ದಾಟಿ ದೇವಿಮನೆ ಘಟ್ಟ ಇಳಿದು ಹೋಗುವಾಗ ಮುಳ್ಳು ಅಲ್ಲಾಡಲಿಲ್ಲ. ಇಳಿಜಾರಿನಲ್ಲಿ ಇಂಜಿನ್ನಿಗೆ ಕೆಲಸವೇ ಇಲ್ಲ, ಹೀಟ್ ಎಲ್ಲಿಂದ ಬರಬೇಕು. ಎರಡು ದಿನ ಇದ್ದು ಹೊರಟೆವು. ಮಧ್ಯಾಹ್ನ ಎರಡು ಗಂಟೆ, ಕರಾವಳಿಯ ಆ ಅಂಟು ಸೆಕೆ, ಎಸಿ ಪೂರ್ತಿ ಹಾಕಿತ್ತು. ಕತಗಾಲ ದಾಟಿ ಘಟ್ಟ ಹತ್ತಲಿಕ್ಕೆ ಶುರುಮಾಡಿದರೆ ಎದುರಿಗೆ ರಸ್ತೆ ಕೆಲಸದ ಟಿಪ್ಪರ್. ಎರಡನೇ ಗೇರು, 15–20 ಕಿಲೋಮೀಟರ್ ವೇಗ, ಓವರ್‌ಟೇಕ್ ಮಾಡಲಿಕ್ಕೆ ಜಾಗ ಇಲ್ಲ.

ಮುಳ್ಳು ಮೇಲೆ ಹೋಯಿತು. ಎಸಿ ಆಫ್ ಮಾಡಿದೆ. ಮತ್ತೂ ಹೋಯಿತು. ಆಗ ಹಳೆಯ ಉಪಾಯ ನೆನಪಾಯಿತು, ಗ್ಲಾಸ್ ಎಲ್ಲ ಇಳಿಸಿ ಹೀಟರ್ ಫುಲ್ ಹಾಕಿದೆ. ಆ ಸೆಕೆಯಲ್ಲಿ ಹೀಟರ್! ಆಯಿ ಹಿಂದಿನಿಂದ ಏನೇನೋ ಹೇಳಿದರು, ಬರೆಯುವುದಿಲ್ಲ. ಹೀಟರ್ ಕೂಡ ಒಂದು ಚಿಕ್ಕ ರೇಡಿಯೇಟರ್ರೇ, ಇಂಜಿನ್ನಿನ ಬಿಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸುಡು ಗಾಳಿ ಬಂತು, ಮುಳ್ಳು ಒಂದು ಕೂದಲಿನಷ್ಟು ಇಳಿಯಿತು, ಮತ್ತೆ ಹತ್ತಿತು. ಹೇಗೋ ಮೇಲೆ ದೇವಿಮನೆ ದೇವಸ್ಥಾನದ ಹತ್ತಿರ ಹಾಕಿ ನಿಲ್ಲಿಸಿದೆ. ಬಾನೆಟ್ಟಿನಡಿಯಿಂದ ಬುಸ್ ಅಂತ ಹಬೆ.

ಭಾವ ಕೆಳಗಿಳಿದವನೇ ಟವೆಲ್ ಸುತ್ತಿಕೊಂಡು ಕ್ಯಾಪ್ ತೆಗೆಯಲಿಕ್ಕೆ ಹೊರಟ. ಕೈ ಹಿಡಿದು ಎಳೆದೆ. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಒಳಗಿನ ನೀರು 100 ಡಿಗ್ರಿ ದಾಟಿದ್ದರೂ ಕ್ಯಾಪಿನ ಒತ್ತಡದಿಂದ ಕುದಿಯದೆ ನಿಂತಿರುತ್ತದೆ. ಕ್ಯಾಪ್ ಸಡಿಲಿಸಿದ ಕ್ಷಣ ಒತ್ತಡ ಹೋಗಿ ಎಲ್ಲ ಒಟ್ಟಿಗೇ ಕುದಿದು ಮುಖಕ್ಕೆ ಹಾರುತ್ತದೆ. ಕೆಂಪಾಗಿ ಕಾದ ಇಂಜಿನ್ನಿಗೆ ತಣ್ಣೀರು ಹೊಯ್ಯುವುದೂ ಬೇಡ, ಇಂಜಿನ್ನಿನ ಮೇಲ್ಭಾಗದ ಹೆಡ್ ಬಿರುಕು ಬಿಡಬಹುದು. ಮುಕ್ಕಾಲು ಗಂಟೆ ಸುಮ್ನೆ ಕೂತೆವು. ಬಿಸಿಲಿಗೆ ಬೆವರುತ್ತಾ ಉಪನಯನದಲ್ಲಿ ಕೊಟ್ಟ ಲಾಡು ತಿಂದೆವು.

ಆ ಮುಕ್ಕಾಲು ಗಂಟೆಯಲ್ಲಿ ಫೋನ್ ಸಿಗ್ನಲ್ ಸಿಕ್ಕಾಗೆಲ್ಲ ಸಲಹೆ ಬಂತು. ಭಾವನ ಗೆಳೆಯ ಹೇಳಿದ್ದು, ಹೆಡ್ ಗ್ಯಾಸ್ಕೆಟ್ (ಇಂಜಿನ್ ಮತ್ತು ಹೆಡ್ ನಡುವಿನ ಸೀಲು) ಹೋಯಿತು, 25 ಸಾವಿರ ತೆಗೆದಿಡಿ. ತಮ್ಮ ಹೇಳಿದ್ದು, ವಾಟರ್ ಪಂಪ್. ಶಿರಸಿಯ ಗ್ಯಾರೇಜಿನವರು ಹೇಳಿದ್ದು, "ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಡುವಾ, ನಮ್ಮ ಸೆಕೆಗೆ ಅದು ಬೇಕಾಗೂದಿಲ್ಲ." ಇಂಜಿನ್ ಬಿಸಿಯಾದ ಮೇಲೆ ಮಾತ್ರ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್ ಅದು. ಒಬ್ಬರೂ "ಯಾವಾಗ ಹೀಟ್ ಆಯಿತು, ಹೇಗೆ ಆಯಿತು" ಅಂತ ಕೇಳಲಿಲ್ಲ. ಜ್ವರ ಅಂದ ಕೂಡಲೇ ಚೀಟಿ ಬರೆದುಕೊಡುವ ಡಾಕ್ಟರ ಹಾಗೆ.

ಶಿರಸಿ ಕಡೆ ಇನ್ನೂ ಏರು ಇದೆ, ಧೈರ್ಯ ಆಗಲಿಲ್ಲ. ತಣ್ಣಗಾದ ಮೇಲೆ ಕುಡಿಯುವ ನೀರಿನ ಬಾಟಲಿ ಖಾಲಿ ಮಾಡಿ ತುಂಬಿಸಿ, ಗಾಡಿ ತಿರುಗಿಸಿ ಮತ್ತೆ ಕುಮಟಾಕ್ಕೇ ಇಳಿದೆವು. ಇಂಜಿನ್ ಆಫ್ ಮಾಡಿ ಉರುಳಿಸುವಾ ಅಂತ ಭಾವ ಅಂದ, ಬೇಡ ಅಂದೆ. ಇಂಜಿನ್ ನಿಂತರೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ದೇವಿಮನೆಯ ತಿರುವುಗಳಲ್ಲಿ ಅದು ಆಗುವ ಮಾತಲ್ಲ. ಗೇರಿನಲ್ಲೇ ನಿಧಾನ ಇಳಿದರೆ ಮುಳ್ಳು ತನ್ನಷ್ಟಕ್ಕೆ ಕೆಳಗೆ ಬಂತು.

ಚಿಕ್ಕಪ್ಪ ಈ ಗ್ಯಾರೇಜಿಗೆ ಕರೆದುಕೊಂಡು ಹೋದರು. ನಾವು ಮುಟ್ಟುವಾಗ ನಾಲ್ಕು ಗಂಟೆ. ಗ್ಯಾರೇಜಿನವರಿಗೆ ಅರವತ್ತರ ಮೇಲಾಗಿದೆ, ಲುಂಗಿ, ಮೇಲೆ ಬನಿಯನ್ನು, ಕಿವಿ ಮೇಲೆ ಬೀಡಿ. ಘಟ್ಟದ ಮೇಲಿಂದ ಬಂದವರೆಲ್ಲ ಅವರಿಗೆ ಹೆಗಡೇರು. ನಾನು ಹೆಗಡೆ ಅಲ್ಲ ಅಂತ ಎರಡು ಸಲ ಹೇಳಿದೆ, ಪ್ರಯೋಜನ ಆಗಲಿಲ್ಲ.

ಬಾನೆಟ್ ತೆರೆದರು. ಸ್ಪ್ಯಾನರ್ ಮುಟ್ಟಲಿಲ್ಲ. ಕೇಳಲಿಕ್ಕೆ ಶುರುಮಾಡಿದರು.

"ನಿಂತಾಗ ಹೀಟ್ ಆಗ್ತದ್ಯ, ಓಡುವಾಗ ಆಗ್ತದ್ಯ?"

ನಿಂತಾಗ ಒಮ್ಮೆ, ಘಟ್ಟದಲ್ಲಿ ಒಮ್ಮೆ ಅಂದೆ.

"ಹೈವೇಲಿ?"

ಹೊನ್ನಾವರಕ್ಕೆ ಹೋಗಿ ಬಂದಿದ್ದೆವು, 60–70ರಲ್ಲಿ. ಏನೂ ಆಗಿರಲಿಲ್ಲ.

"ಹೀಟರ್ ಹಾಕಿದ್ರಲ್ಲ, ಬಿಸಿ ಬಂತಾ ತಣ್ಣಗೆ ಬಂತಾ?"

ಸುಟ್ಟು ಹೋಗುವಷ್ಟು ಬಿಸಿ ಅಂದೆ. ತಲೆ ಆಡಿಸಿದರು. ಯಾಕೆ ಕೇಳಿದಿರಿ ಅಂದರೆ, ಮುಳ್ಳು ಮೇಲೆ ಇದ್ದು ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಅಲ್ಲಿಗೆ ನೀರೇ ಬರುತ್ತಿಲ್ಲ ಅಂತ ಅರ್ಥ, ಒಂದೋ ನೀರು ಕಮ್ಮಿ, ಒಂದೋ ಗಾಳಿ ತುಂಬಿದೆ, ಇಲ್ಲಾ ಪಂಪ್ ದೂಡುತ್ತಿಲ್ಲ. ಬಿಸಿ ಬಂದರೆ ನೀರು ತಿರುಗುತ್ತಿದೆ. "ನೀರು ತನ್ನ ಕೆಲಸ ಮಾಡ್ತಾ ಉಂಟು. ಗಾಳಿ ಮಾಡ್ತಾ ಇಲ್ಲ" ಅಂದರು. ನನಗೆ ಅರ್ಥ ಆಗಲಿಲ್ಲ.

"ಎಸಿ ಹ್ಯಾಂಗುಂಟು?"

ಇದಕ್ಕೆ ಇವಳು ಉತ್ತರ ಕೊಟ್ಟಳು. ಓಡುವಾಗ ತಣ್ಣಗೆ ಬರುತ್ತದೆ, ನಿಂತರೆ ಬರುವುದಿಲ್ಲ, ರೇಡಿಯೇಟರ್ ಹಾಕಿಸಿದ ಮೇಲೆ ಹೀಗೆ, ನಾನು ಇವರಿಗೆ ಹೇಳಿದ್ದೆ. ಹೌದು, ಹೇಳಿದ್ದಳು. ಗ್ಯಾಸ್ ಕಮ್ಮಿ ಆಗಿರಬೇಕು ಅಂತ ನಾನು ತೇಲಿಸಿಬಿಟ್ಟಿದ್ದೆ. ಅವರು ಅವಳನ್ನು ನೋಡಿ "ಅಕ್ಕಾವ್ರು ಸರಿ ಹೇಳಿದ್ರು" ಅಂದರು. ಆ ಮಾತು ನಮ್ಮ ಮನೆಯಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ.

ಆಮೇಲೆ ಆಯಿಲ್ ಕಡ್ಡಿ ಎಳೆದು ನೋಡಿದರು. ಗ್ಯಾಸ್ಕೆಟ್ ಹೋಗಿ ನೀರು ಬೆರೆತರೆ ಆಯಿಲ್ ಹಾಲು ಜಾಸ್ತಿಯಾದ ಚಾದ ಹಾಗೆ ಕಾಣುತ್ತದಂತೆ. ನಮ್ಮದು ಕಪ್ಪಗೇ ಇತ್ತು. ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ತೆಗೆದು, ನೀರು ತುಂಬಿ, ಇಂಜಿನ್ ಶುರುಮಾಡಿ ಬಾಯಿಯೊಳಗೆ ಇಣುಕಿದರು. ಗ್ಯಾಸ್ಕೆಟ್ ಸೋರುತ್ತಿದ್ದರೆ ನಿಲ್ಲದೆ ಗುಳ್ಳೆ ಬರುತ್ತಾ ಇರಬೇಕು. ನಾಲ್ಕೈದು ಗುಳ್ಳೆ ಬಂದು ನಿಂತಿತು. "ಇದು ನೀವು ಘಟ್ಟದಲ್ಲಿ ಕುಡಿಸಿದ ಗಾಳಿ" ಅಂದರು. ಮೇಲಿನ ಹೋಸ್ ಮುಟ್ಟಿದರು, ಸ್ವಲ್ಪ ಹೊತ್ತು ಬಿಟ್ಟು ಕೆಳಗಿನದು ಮುಟ್ಟಿದರು. ಥರ್ಮೋಸ್ಟಾಟ್ ತೆರೆದಾಗ ಬಿಸಿ ನೀರು ರೇಡಿಯೇಟರ್ ಹೊಕ್ಕು ಕೆಳಗಿನ ಹೋಸಿಗೂ ಬಿಸಿ ಬರಬೇಕು, ಬಂತು. 25 ಸಾವಿರದ ಮಾತು ಅಲ್ಲಿಗೆ ಮುಗಿಯಿತು. ನನ್ನ ಹೊಟ್ಟೆ ತಣ್ಣಗಾಯಿತು.

ಈಗ ಮುಖ್ಯದ್ದು. ಎಸಿ ಹಾಕಿ ಅಂದರು. ಹಾಕಿದೆ, ಫ್ಯಾನು ಗುಂಯ್ ಅಂತ ತಿರುಗಿತು. ಫ್ಯಾನು ತಿರುಗುತ್ತದಲ್ಲ ಅಂತ ನಾವೆಲ್ಲ ಎಷ್ಟೋ ಸಲ ನೋಡಿ ಸಮಾಧಾನ ಪಟ್ಟುಕೊಂಡಿದ್ದ ಫ್ಯಾನು ಅದು. ಅವರು ಹಳೆಯ ಪೇಪರಿನ ಒಂದು ಹಾಳೆ ಹರಿದು, ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಗ್ರಿಲ್ಲಿಗೆ ಹಿಡಿದು ಕೈ ಬಿಟ್ಟರು. ಪೇಪರ್ ಗ್ರಿಲ್ಲಿಗೆ ಅಂಟಿಕೊಳ್ಳಬೇಕು. ಅದು ಹಾರಿ ಬಂದು ಅವರ ಎದೆಗೇ ಬಡಿಯಿತು. ಅಷ್ಟು ಹೊತ್ತು ಗಂಟು ಮುಖ ಹಾಕಿಕೊಂಡಿದ್ದ ಮನುಷ್ಯ ಕೆಮ್ಮು ಬರುವಷ್ಟು ನಕ್ಕರು.

"ಹೆಗಡೇರೇ, ನಿಮ್ಮ ಫ್ಯಾನು ಉಲ್ಟಾ ತಿರುಗ್ತದೆ."

ಪ್ಲಗ್ ಮುರಿದು ವೈರ್ ಜಾಯಿಂಟ್ ಮಾಡಿದ್ದರಲ್ಲ, ಎರಡು ವೈರು ಅದಲು ಬದಲಾಗಿತ್ತು. ಈ ಫ್ಯಾನಿನ ಮೋಟಾರ್ ಸಾದಾ ಡಿಸಿ ಮೋಟಾರ್, ಪ್ಲಸ್ ಮೈನಸ್ ಬದಲಾಯಿಸಿದರೆ ಹಿಂದುಮುಂದು ತಿರುಗುತ್ತದೆ. ಸದ್ದು ಅದೇ, ನೋಡಲಿಕ್ಕೂ ಅದೇ. ರೇಡಿಯೇಟರ್ ಹಿಂದೆ ಇರುವ ಫ್ಯಾನು ಎದುರಿನ ಗಾಳಿಯನ್ನು ಒಳಗೆ ಎಳೆಯಬೇಕು. ನಮ್ಮದು ಇಂಜಿನ್ನಿನ ಬಿಸಿ ಗಾಳಿಯನ್ನೇ ಹೊರಗೆ ಊದುತ್ತಿತ್ತು. ನಿಂತಾಗ ಆ ಬಿಸಿ ಗಾಳಿ ನೇರ ಮುಂದಿರುವ, ಒಳಗಿನ ಬಿಸಿಯನ್ನು ಹೊರಗೆ ಬಿಡುವ ಎಸಿ ಕಂಡೆನ್ಸರ್‌ಗೆ ಹೊಡೆಯುತ್ತದೆ, ಅದಕ್ಕೇ ಎಸಿ ತಣ್ಣಗಿಲ್ಲ. ಹೈವೇಯಲ್ಲಿ ಎದುರು ಗಾಳಿಯ ಜೋರು ಜಾಸ್ತಿ, ಫ್ಯಾನಿನ ಆಟ ನಡೆಯುವುದಿಲ್ಲ. ಘಟ್ಟದಲ್ಲಿ ಟಿಪ್ಪರ್ ಹಿಂದೆ 15ರಲ್ಲಿ ಹತ್ತುವಾಗ ಹೊರಗಿನ ಗಾಳಿಯೂ ಫ್ಯಾನಿನ ಗಾಳಿಯೂ ಎದುರುಬದುರು ನಿಂತು, ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ. ಇಂಜಿನ್ ಮಾತ್ರ ಪೂರ್ತಿ ದಮ್ಮು ಕಟ್ಟಿ ಎಳೆಯುತ್ತಾ ಇತ್ತು. ನನಗೆ ತಲೆ ಕೆಡಿಸಿದ್ದು ಇದು: ಫ್ಯಾನು ಸುಟ್ಟು ನಿಂತೇ ಹೋಗಿದ್ದರೆ ನಾನೇ ಕಂಡುಹಿಡಿಯುತ್ತಿದ್ದೆ. ತಿರುಗುತ್ತಿತ್ತು, ಅದಕ್ಕೇ ಯಾರಿಗೂ ಸಂಶಯ ಬರಲಿಲ್ಲ.

ವೈರ್ ಬದಲಾಯಿಸಲಿಕ್ಕೆ ಎರಡು ನಿಮಿಷ. ಟೇಪ್ ಸುತ್ತಿ ಕಳಿಸಬಹುದಿತ್ತು. ಕಳಿಸಲಿಲ್ಲ. ಹುಡುಗನನ್ನು ಪೇಟೆಗೆ ಓಡಿಸಿ ಹೊಸ ಕನೆಕ್ಟರ್ ತರಿಸಿ ಹಾಕಿದರು, ಇನ್ನು ಮೇಲೆ ಯಾರು ಬಿಚ್ಚಿದರೂ ಉಲ್ಟಾ ಕೂರುವುದಿಲ್ಲ. ಮತ್ತೆ ಪೇಪರ್ ಹಿಡಿದರು, ಪಟ್ ಅಂತ ಅಂಟಿತು.

ಆಮೇಲೆ ರೇಡಿಯೇಟರ್ ಸುತ್ತ ಕೈ ಆಡಿಸಿ, "ಇಲ್ಲಿದ್ದ ಸ್ಪಂಜು ಎಲ್ಲಿ?" ಅಂದರು. ನನಗೆ ಹೇಗೆ ಗೊತ್ತು. ರೇಡಿಯೇಟರ್ ಮತ್ತು ಕಂಡೆನ್ಸರ್ ಮಧ್ಯದ ಸಂದಿ ಮುಚ್ಚುವ ಸ್ಪಂಜಿನ ಪಟ್ಟಿ ಇರುತ್ತದೆ, ಅದಿಲ್ಲದಿದ್ದರೆ ಫ್ಯಾನು ಸುಲಭದ ದಾರಿಯಿಂದ, ಸಂದಿಯಿಂದ ಗಾಳಿ ಎಳೆಯುತ್ತದೆ, ಫಿನ್‌ಗಳ ನಡುವಿನಿಂದ ಎಳೆಯುವುದಿಲ್ಲ. ಬಿಚ್ಚಿದವರು ಕಸದ ಜೊತೆ ಎಸೆದಿರಬೇಕು. ಹಳೆಯ ಸೀಟಿನ ಫೋಮ್ ಕತ್ತರಿಸಿ ತುರುಕಿದರು. ನೋಡಲಿಕ್ಕೆ ಚಂದ ಇಲ್ಲ. ಕೆಲಸ ಮಾಡುತ್ತದೆ.

ಕ್ಯಾಪ್ ಹಳೆಯದೇ ಇತ್ತು, ಅದರ ರಬ್ಬರ್ ಗಟ್ಟಿಯಾಗಿ ಬಿರಿದಿತ್ತು. ಮೇಲೆ 0.9 ಅಂತ ಬರೆದಿರುತ್ತದೆ, ಅಂದರೆ 0.9 ಬಾರ್, ಸುಮಾರು 13 ಪಿಎಸ್‌ಐ ಒತ್ತಡ ತಡೆಯುತ್ತದೆ. ಅಷ್ಟು ಒತ್ತಡದಲ್ಲಿ ಬರೀ ನೀರೂ 118 ಡಿಗ್ರಿ ಹತ್ತಿರ ಬರುವವರೆಗೆ ಕುದಿಯುವುದಿಲ್ಲ. ಕ್ಯಾಪ್ ಸೋರಿದರೆ ಈ ಲಾಭ ಹೋಯಿತು. ಮೂರು ಸಾವಿರದ ರೇಡಿಯೇಟರ್ ತರಿಸಿದವನು 180 ರೂಪಾಯಿಯ ಕ್ಯಾಪ್ ತರಿಸಲಿಲ್ಲ, ಅದು ನನ್ನದೇ ದಡ್ಡತನ. ಹೊಸ ಕ್ಯಾಪ್ ತರುವಾಗ ಹಳೆಯದರ ಮೇಲಿನ ನಂಬರೇ ನೋಡಿ ತನ್ನಿ, ಜಾಸ್ತಿ ಒತ್ತಡದ್ದು ಒಳ್ಳೆಯದು ಅಂತ ತರಬೇಡಿ, ಹೋಸ್ ಒಡೆದೀತು.

ಥರ್ಮೋಸ್ಟಾಟ್ ತೆಗೆದುಬಿಡಲಾ ಅಂತ ಭಾವ ಕೇಳಿದ. ಅವರಿಗೆ ಸಿಟ್ಟು ಬಂತು. "ಕಂಪನಿಯೋರು ದಡ್ಡರಾ? ಕೆಟ್ಟಿದ್ರೆ ಹೊಸತು ಹಾಕುವಾ. ಚಲೋ ಇದ್ದಿದ್ದನ್ನ ಎಂತಕ್ಕೆ ತೆಗೀಬೇಕು?" ಅದು 82ರಿಂದ 88 ಡಿಗ್ರಿಯೊಳಗೆ ಎಲ್ಲೋ ತೆರೆದುಕೊಳ್ಳುತ್ತದೆ. ತೆಗೆದರೆ ಇಂಜಿನ್ ಸರಿಯಾಗಿ ಬಿಸಿಯೇ ಆಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಕೆಲವು ಇಂಜಿನ್ನಿನಲ್ಲಿ ನೀರು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತಿ ಹೀಟ್ ಇನ್ನೂ ಜಾಸ್ತಿಯಾಗುತ್ತದೆ. ನಮ್ಮ ಕಡೆ ಅರ್ಧಕ್ಕರ್ಧ ಹಳೆಯ ಗಾಡಿಗಳಲ್ಲಿ ಇದನ್ನು ಕಿತ್ತಿರುತ್ತಾರೆ ಅಂತ ನನ್ನ ಅಂದಾಜು.

ಕೊನೆಗೆ ನೀರು. ನಲ್ಲಿ ನೀರನ್ನೆಲ್ಲ ಕೆಳಗೆ ಬಿಟ್ಟರು. ಹಳದಿ ಬಣ್ಣ, ತುಕ್ಕಿನ ವಾಸನೆ. ಎರಡು ಲೀಟರ್ ಕೂಲೆಂಟ್, ಅಷ್ಟೇ ಡಿಸ್ಟಿಲ್ಡ್ ವಾಟರ್, ಅರ್ಧಕ್ಕರ್ಧ. ಅವರ ಶೆಡ್ಡಿನ ಮುಂದೆ ಸಣ್ಣ ಏರು ಇದೆ, ಮುಂದಿನ ಚಕ್ರ ಏರಿನ ಮೇಲೆ ಬರುವ ಹಾಗೆ ಗಾಡಿ ನಿಲ್ಲಿಸಿದರು, ಕ್ಯಾಪಿನ ಬಾಯಿ ಎಲ್ಲಕ್ಕಿಂತ ಎತ್ತರಕ್ಕೆ ಬಂದರೆ ಗಾಳಿ ತಾನಾಗಿ ಅಲ್ಲಿಗೇ ಬರುತ್ತದೆ. ಹೀಟರ್ ಫುಲ್, ಕ್ಯಾಪ್ ತೆಗೆದೇ ಇಂಜಿನ್ ಚಾಲೂ. ಹೋಸನ್ನು ಹಸುವಿನ ಮೊಲೆ ಹಿಂಡಿದ ಹಾಗೆ ಹಿಂಡುತ್ತಾ ಇದ್ದರು, ಗುಳುಗುಳು ಅಂತ ಗಾಳಿ ಬಂತು, ನೀರು ಇಳಿಯಿತು, ಮತ್ತೆ ತುಂಬಿದರು. ಇದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ನಾವು ಪಕ್ಕದ ಚಾದಂಗಡಿಯಲ್ಲಿ ಕೂತು ಬನ್ಸ್ ತಿಂದೆವು. ಬನ್ಸ್ ಚಲೋ ಇತ್ತು, ಅದಕ್ಕೆ ಬೇರೆ ಐದಕ್ಕೆ ಐದು.

ಕ್ಯಾಪ್ ಹಾಕಿ, ಎಸಿ ಹಾಕಿ, 20 ನಿಮಿಷ ನಿಂತಲ್ಲೇ ಓಡಿಸಿದರು. ಮುಳ್ಳು ಅರ್ಧದ ಕೆಳಗೆ. ಎಸಿ ಆಫ್ ಮಾಡಿಯೂ ನೋಡಿದರು, ಬಿಸಿ ಏರಿದಾಗ ಫ್ಯಾನು ತಾನಾಗಿ ಬರಬೇಕು, ಇಳಿದಾಗ ನಿಲ್ಲಬೇಕು. ಬರುತ್ತದೆ, ನಿಲ್ಲುತ್ತದೆ. ಒಮ್ಮೆ ಬಂದ ಫ್ಯಾನು ನಿಲ್ಲುವುದೇ ಇಲ್ಲ ಅಂದರೆ ಅದು ಸಾಲುತ್ತಿಲ್ಲ ಅಂತ ಅರ್ಥವಂತೆ. ನಮ್ಮದು ಶಿರಸಿಯಲ್ಲಿ ಹಾಗೇ ಇತ್ತು, ಪಾಪ ಎಷ್ಟು ಕೆಲಸ ಮಾಡುತ್ತದೆ ಅಂದುಕೊಂಡಿದ್ದೆ.

ಲೆಕ್ಕ ಬಲ್ಬಿನ ಡಬ್ಬಿಯ ರಟ್ಟಿನ ಮೇಲೆ ಬರೆದುಕೊಟ್ಟರು. ಕ್ಯಾಪ್ 180, ಕೂಲೆಂಟ್ 700, ಡಿಸ್ಟಿಲ್ಡ್ ವಾಟರ್ 120, ಕನೆಕ್ಟರ್ 60, ಕೆಲಸಕ್ಕೆ 400. ಕೆಳಗೆ ಇನ್ನೊಂದು ಸಾಲು: "ನೋಡಿದ್ದಕ್ಕೆ 300." ಒಟ್ಟು 1,760. ಈ 300ರ ಬಗ್ಗೆ ಭಾವನಿಗೆ ಹೊಟ್ಟೆಯುರಿ. ಪೇಪರ್ ಹಿಡಿದದ್ದಕ್ಕೆ ಮುನ್ನೂರಾ ಅಂತ ದಾರಿಯುದ್ದಕ್ಕೂ ಹೇಳುತ್ತಾ ಬಂದ. ನನ್ನ ಮಟ್ಟಿಗೆ ಆ ರಟ್ಟಿನ ಮೇಲೆ ನ್ಯಾಯವಾದ ಸಾಲು ಅಂದರೆ ಅದೇ. ನಮ್ಮಲ್ಲಿ ಪಾರ್ಟಿಗೆ ದುಡ್ಡು ಕೊಡುತ್ತೇವೆ, ಬಿಚ್ಚಿ ಜೋಡಿಸಿದ್ದಕ್ಕೆ ಕೊಡುತ್ತೇವೆ, ಯೋಚನೆ ಮಾಡಿದ್ದಕ್ಕೆ ಕೊಡುವುದಿಲ್ಲ. ಆಮೇಲೆ ಮೆಕ್ಯಾನಿಕ್ಕುಗಳು ಪಾರ್ಟ್ ಬದಲಾಯಿಸುತ್ತಲೇ ಇದ್ದರೆ ಬೈಯುತ್ತೇವೆ. ಅವರು ಇನ್ನೇನು ಮಾಡಬೇಕು, ಅದರಲ್ಲೇ ಹೊಟ್ಟೆ ತುಂಬಬೇಕಲ್ವಾ?

ಕಮ್ಮಿ ಕೊಟ್ಟ ಅರ್ಧ ಅಂಕದ ಲೆಕ್ಕ: ಗೂಗಲ್ ಪೇ ಇಲ್ಲ, ಕ್ಯಾಶ್ ಮಾತ್ರ. ಚಿಕ್ಕಪ್ಪನ ಹತ್ತಿರ ಸಾಲ ಮಾಡಬೇಕಾಯಿತು. ಸ್ಪೇರ್ ಏನೂ ಇಟ್ಟುಕೊಂಡಿರುವುದಿಲ್ಲ, ಹುಡುಗ ಪೇಟೆಗೆ ಹೋಗಿ ಬರುವವರೆಗೆ ಕಾಯಬೇಕು. ಎಲೆಕ್ಟ್ರಾನಿಕ್ಸ್ ಜಾಸ್ತಿ ಇರುವ ಹೊಸ ಗಾಡಿ ತಂದರೆ ದೂರದಿಂದಲೇ ಕೈ ಮುಗಿಯುತ್ತಾರೆ, ನಮ್ಮ ಎದುರೇ ಒಬ್ಬರನ್ನು ಕಳಿಸಿದರು. ಮಾತು ಒರಟು. ಬಿಲ್ ಬೇಕೇ ಬೇಕು ಅನ್ನುವವರಿಗೆ ಈ ಜಾಗ ಆಗುವುದಿಲ್ಲ. ಮತ್ತೆ ಆ ಫೋನು, ಅದರ ಬಗ್ಗೆ ಮೊದಲೇ ಹೇಳಿದ್ದೇನೆ.

ಹೊರಡುವಾಗ ಕರಾವಳಿ ಗಾಡಿಯ ಬಗ್ಗೆ ಒಂದು ಮಾತು ಹೇಳಿದರು, ಇಲ್ಲಿಯವರಿಗೆ ಉಪಯೋಗ ಆಗಬಹುದು. ಸಮುದ್ರದ ಹತ್ತಿರ ನಿಲ್ಲಿಸುವ ಗಾಡಿಯ ಗ್ರಿಲ್ಲಿನೊಳಗೆ ಆಗಾಗ ಸಾದಾ ಪೈಪಿನಿಂದ ಸಿಹಿನೀರು ಬಿಡಬೇಕು, ಉಪ್ಪು ತೊಳೆದು ಹೋಗುತ್ತದೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹಿಡಿಯಬಾರದು, ಫಿನ್‌ಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಭಾವನಿಗೆ ಹೇಳಿದೆ. ಗಾಡಿ ಮಾರಿ ಆಯಿತಲ್ಲ ಅಂದ.

ಸಂಜೆ ಏಳೂವರೆಗೆ ಮತ್ತೆ ಘಟ್ಟ ಹತ್ತಿದೆವು. ಎದುರಿಗೆ ಮತ್ತೆ ಟಿಪ್ಪರ್, ಅದೇ ಇರಬೇಕು. ಸಂಜೆಯ ತಂಪನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ, ಅದಕ್ಕೇ ಗಾಡಿ ಸರಿಯಾಯಿತು ಅಂತ ನಾನು ಆಗ ಪೂರ್ತಿ ನಂಬಲಿಲ್ಲ. ಮೇ ತಿಂಗಳಲ್ಲಿ ಮಟಮಟ ಮಧ್ಯಾಹ್ನ, ಎಸಿ ಹಾಕಿಕೊಂಡೇ, ಬೇಕೆಂದೇ ಇನ್ನೊಮ್ಮೆ ಹತ್ತಿಸಿದೆ. ದೇವಿಮನೆಯವರೆಗೂ ಮುಳ್ಳು ಅರ್ಧ ದಾಟಲಿಲ್ಲ. ಶಿರಸಿಯ ಗ್ಯಾರೇಜಿಗೂ ಹೋಗಿ ವಿಷಯ ಹೇಳಿದೆ. "ಹೌದಾ? ಹುಡುಗ ಜಾಯಿಂಟ್ ಮಾಡಿದ್ದ" ಅಂದರು, ಮುಂದಿನ ಸಲ ವಾಟರ್ ಸರ್ವಿಸ್ ಫ್ರೀ ಮಾಡಿಕೊಡುತ್ತೇವೆ ಅಂದರು. ಪ್ರೆಶರ್ ಗನ್ ನೆನಪಾಗಿ ಬೇಡ ಅಂದೆ.

ಆ ದಿನ ಹೊರಡುವಾಗ "ಮೇಲೆ ಮುಟ್ಟಿದ ಮೇಲೆ ಫೋನ್ ಮಾಡಿ" ಅಂದಿದ್ದರು. ಮನೆ ಮುಟ್ಟಿ ಮಾಡಿದೆ, ಎತ್ತಲಿಲ್ಲ. ಮರುದಿನ ಮಾಡಿದೆ, ಎತ್ತಲಿಲ್ಲ. ಮೂರನೇ ದಿನ ಅವರೇ ಮಾಡಿದರು.

"ಯಾರು?"

ಫ್ಯಾನು ಉಲ್ಟಾ ಅಂದೆ.

"ಹಾಂ, ಹೆಗಡೇರು. ಹತ್ತಿತಾ ಗಾಡಿ?"

ಹತ್ತಿತು ಅಂದೆ. ಇಟ್ಟುಬಿಟ್ಟರು.